ಮೃಗಶಿರಾ ಮಳೆಗೆ ಮುನ್ನ ಮನೆಯಲ್ಲಿ ಸಿದ್ಧವಿರಬೇಕಾದ ತುರ್ತು ಚೀಲ

2019ರ ಆಗಸ್ಟ್ ತಿಂಗಳಲ್ಲಿ ಮಲಪ್ರಭೆ ದಡ ಮೀರಿ ಹರಿದಾಗ, ನದಿಯಂಚಿನ ಊರೊಂದರಲ್ಲಿರುವ ನಮ್ಮ ಅತ್ತೆಯವರ ಮನೆಗೆ ಡಂಗುರದ ಸುದ್ದಿ ತಲುಪಿದ್ದು ರಾತ್ರಿ ಹನ್ನೊಂದರ ಸುಮಾರಿಗೆ. ಕರೆಂಟು ಆಗಲೇ ಹೋಗಿತ್ತು. ಹೊಲದ ಪತ್ರ, ಮನೆಯ ಉತಾರ, ಪಡಿತರ ಚೀಟಿ, ಮಕ್ಕಳ ಅಂಕಪಟ್ಟಿ, ಎಲ್ಲವೂ ಇದ್ದದ್ದು ದೇವರ ಕೋಣೆಯ ಮೂಲೆಯಲ್ಲಿದ್ದ ಕಬ್ಬಿಣದ ಟ್ರಂಕಿನಲ್ಲಿ. ಅದನ್ನು ಎತ್ತಲು ಇಬ್ಬರು ಗಂಡಸರು ಬೇಕಿತ್ತು. ಮನೆಯಲ್ಲಿದ್ದವರು ಎಪ್ಪತ್ತರ ಅತ್ತೆ ಮತ್ತು ಶಾಲೆಗೆ ಹೋಗುವ ಇಬ್ಬರು ಮೊಮ್ಮಕ್ಕಳು. "ಟ್ರಂಕಿನ್ಯಾಗ ಎಲ್ಲಾ ಕಾಗದ ಅದಾವು, ಅದನ್ನ ಬಿಟ್ಟು ಹ್ಯಾಂಗ ಬರಲಿ?" ಎಂದು ಅವರು ಹೊಸ್ತಿಲಲ್ಲೇ ಕುಳಿತಾಗ, ಅಂಗಳದ ನೀರು ತುಳಸಿಕಟ್ಟೆಯ ಎರಡನೆಯ ಮೆಟ್ಟಿಲಿಗೆ ಬಂದಿತ್ತು. ಪಕ್ಕದ ಮನೆಯ ಹುಡುಗರು ಅವರನ್ನು ಹೆಚ್ಚುಕಡಿಮೆ ಹೊತ್ತುಕೊಂಡೇ ಎತ್ತರದ ಶಾಲೆಗೆ ತಲುಪಿಸಿದರು. ವಾರದ ನಂತರ ಟ್ರಂಕು ತೆರೆದಾಗ ಕಾಗದಗಳು ಒಂದಕ್ಕೊಂದು ಅಂಟಿ ಮುದ್ದೆಯಾಗಿದ್ದವು. ರಕ್ತದೊತ್ತಡದ ಮಾತ್ರೆಯ ಹೆಸರು ಅತ್ತೆಗೆ ಗೊತ್ತಿರಲಿಲ್ಲ. "ಬಿಳಿ ಗುಳಿಗೆ, ಸಣ್ಣದು" ಎಂದಷ್ಟೇ ಪರಿಹಾರ ಕೇಂದ್ರದ ವೈದ್ಯರಿಗೆ ಹೇಳಿದ್ದರು.

ಆ ರಾತ್ರಿಯ ನಂತರ ನಮ್ಮ ಮನೆಗಳಲ್ಲಿ ತುರ್ತು ಚೀಲವನ್ನು ಕಟ್ಟಿಡುವ ರೂಢಿ ಬಂದಿದೆ. ಅದರ ಅನುಭವದಿಂದ ಒಂದು ಮಾತನ್ನು ಖಚಿತವಾಗಿ ಹೇಳಬಲ್ಲೆ: ಚೀಲದಲ್ಲಿ ಎಷ್ಟು ಸಾಮಾನಿದೆ ಎನ್ನುವುದಕ್ಕಿಂತ, ಮನೆಯಲ್ಲಿ ಇರುವವರಲ್ಲಿ ಅತ್ಯಂತ ಅಶಕ್ತರಾದ ದೊಡ್ಡವರು ಅದನ್ನು ಕತ್ತಲಲ್ಲಿ ಹುಡುಕಿ, ಹೆಗಲಿಗೇರಿಸಿ, ಹತ್ತು ನಿಮಿಷದಲ್ಲಿ ಹೊರಡಬಲ್ಲರೇ ಎನ್ನುವುದೇ ಮುಖ್ಯ. ಮುಂದಿನ ಎಲ್ಲ ಹೆಜ್ಜೆಗಳನ್ನೂ ಈ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಓದಬೇಕೆಂದು ಕೋರುತ್ತೇನೆ.

ಮೊದಲ ಹೆಜ್ಜೆ: ನಿಮ್ಮ ಮನೆಗೆ ಬರಬಹುದಾದ ಆಪತ್ತು ಯಾವುದು?

ಎಲ್ಲ ಊರಿಗೂ ಒಂದೇ ಬಗೆಯ ಸಿದ್ಧತೆ ಹೊಂದುವುದಿಲ್ಲ. ಕೃಷ್ಣಾ, ಘಟಪ್ರಭಾ, ಮಲಪ್ರಭಾ, ಭೀಮಾ ನದಿಗಳ ದಡದಲ್ಲಿರುವವರಿಗೆ ಸಾಮಾನ್ಯವಾಗಿ ಸ್ವಲ್ಪವಾದರೂ ಮುನ್ಸೂಚನೆ ಇರುತ್ತದೆ. ಮಹಾರಾಷ್ಟ್ರದ ಘಟ್ಟದಲ್ಲಿ ಸುರಿದ ಮಳೆ ಕೊಯ್ನಾದಂಥ ಜಲಾಶಯಗಳನ್ನು ತುಂಬಿ, ಅಲ್ಲಿಂದ ಹೊರಬಿಟ್ಟ ನೀರು ನಮ್ಮ ಹಳ್ಳಿಗಳನ್ನು ತಲುಪಲು ಸಮಯ ಹಿಡಿಯುತ್ತದೆ. ಹಿಡಕಲ್, ನವಿಲುತೀರ್ಥ, ಆಲಮಟ್ಟಿಗಳಲ್ಲಿ ಎಷ್ಟು ಕ್ಯುಸೆಕ್ ನೀರು ಬಿಡುತ್ತಿದ್ದಾರೆ ಎನ್ನುವುದು ಆಯಾ ದಿನವೇ ಸುದ್ದಿಯಾಗುತ್ತದೆ. ಇಲ್ಲಿಯವರು ಸುದ್ದಿಯನ್ನು ನಂಬಿ ಹೊರಡುವ ಮನಸ್ಸು ಮಾಡಿದರೆ ಚೀಲದ ಜೊತೆಗೆ ಇನ್ನಷ್ಟನ್ನು ಉಳಿಸಿಕೊಳ್ಳಬಹುದು.

ಕೊಡಗು, ಚಿಕ್ಕಮಗಳೂರು, ಉತ್ತರ ಕನ್ನಡದ ಗುಡ್ಡದ ಬುಡದಲ್ಲಿರುವವರ ಸ್ಥಿತಿ ಬೇರೆ. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮಕ್ಕಂದೂರು, ಮದೆನಾಡು ಭಾಗಗಳಲ್ಲಿ ಗುಡ್ಡಗಳು ಜಾರಿದಾಗ ಜನರಿಗೆ ಓಡಲಷ್ಟೇ ಸಮಯ ಸಿಕ್ಕಿತ್ತು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದದ್ದು ಬೆಳಗಿನ ಹೊತ್ತು. ಎರಡೇ ವಾರದಲ್ಲಿ, ಜುಲೈ 30ರಂದು, ನೆರೆರಾಜ್ಯ ಕೇರಳದ ವಯನಾಡಿನ ಮುಂಡಕ್ಕೈ ಮತ್ತು ಚೂರಲ್‌ಮಲೆಗಳು ಕೊಚ್ಚಿಹೋದದ್ದು ಜನ ಮಲಗಿದ್ದ ನಡುರಾತ್ರಿಯಲ್ಲಿ. ಗುಡ್ಡ ಜಾರತೊಡಗಿದ ಮೇಲೆ ಯಾವ ಚೀಲವೂ ಉಪಯೋಗಕ್ಕೆ ಬರುವುದಿಲ್ಲ. ಆದ್ದರಿಂದ ಗುಡ್ಡದ ಸೀಮೆಯವರು ಮಳೆಯ ಎಚ್ಚರಿಕೆಯನ್ನೇ ಹೊರಡುವ ಎಚ್ಚರಿಕೆ ಎಂದು ತಿಳಿಯಬೇಕು. ಹವಾಮಾನ ಇಲಾಖೆಯ ಲೆಕ್ಕದಲ್ಲಿ 24 ಗಂಟೆಗೆ 64.5 ಮಿ.ಮೀ. ದಾಟಿದರೆ ಭಾರಿ ಮಳೆ, 115.6 ಮಿ.ಮೀ. ಮುಟ್ಟಿದರೆ ಅತಿ ಭಾರಿ ಮಳೆ, 204.4 ಮಿ.ಮೀ. ಮೀರಿದರೆ ಅತ್ಯಂತ ಭಾರಿ ಮಳೆ. ಕೆಂಪು ಎಚ್ಚರಿಕೆ ಬಂದ ದಿನ ಸಂಜೆಯ ಬೆಳಕಿರುವಾಗಲೇ ಗಟ್ಟಿ ನೆಲದ ಮೇಲಿರುವ ಬಂಧುಗಳ ಮನೆಗೆ ಹೋಗಿ ಮಲಗುವುದು ಲೇಸು. ಅಂಗಳದಲ್ಲಿ ಅಥವಾ ತೋಟದಲ್ಲಿ ಹೊಸ ಬಿರುಕು ಕಂಡರೆ, ವರ್ಷವಿಡೀ ತಿಳಿಯಾಗಿ ಹರಿಯುತ್ತಿದ್ದ ಒರತೆ ಇದ್ದಕ್ಕಿದ್ದಂತೆ ಕೆಂಪಾದರೆ, ನೆಟ್ಟಗಿದ್ದ ಮರ ವಾಲಿದರೆ, ಸಲೀಸಾಗಿ ಮುಚ್ಚುತ್ತಿದ್ದ ಬಾಗಿಲು ಚೌಕಟ್ಟಿಗೆ ಕಚ್ಚಿಕೊಳ್ಳತೊಡಗಿದರೆ, ಎಚ್ಚರಿಕೆಗೂ ಕಾಯಬೇಕಾಗಿಲ್ಲ.

ನಗರವಾಸಿಗಳು ಇದು ತಮಗಲ್ಲ ಎಂದುಕೊಳ್ಳಬಾರದು. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಪೂರ್ವ ಭಾಗದ ಬಡಾವಣೆಗಳಿಂದ ಜನರನ್ನು ದೋಣಿ ಮತ್ತು ಟ್ರ್ಯಾಕ್ಟರುಗಳಲ್ಲಿ ಹೊರತರಬೇಕಾಯಿತು. ರಾಜಕಾಲುವೆಯ ಪಕ್ಕದಲ್ಲಿ ಅಥವಾ ಕೆರೆಯ ಕೋಡಿಯ ಕೆಳಗೆ ಮನೆಯಿದ್ದವರಿಗೂ ಈ ಚೀಲ ಬೇಕು.

ಎರಡನೆಯ ಹೆಜ್ಜೆ: ಹೊರುವುದು ಯಾವುದು, ಇಡುವುದು ಯಾವುದು

ಹಲವರು ಎಡವುವುದು ಇಲ್ಲಿಯೇ. ಕುಡಿಯಲು ಮತ್ತು ಕನಿಷ್ಠ ಅಡುಗೆಗೆ ಒಬ್ಬರಿಗೆ ದಿನಕ್ಕೆ ಮೂರು ಲೀಟರ್ ನೀರು ಎಂದಿಟ್ಟುಕೊಂಡರೂ, ನಾಲ್ಕು ಜನರ ಕುಟುಂಬಕ್ಕೆ ಮೂರು ದಿನಕ್ಕೆ 36 ಲೀಟರ್ ಆಗುತ್ತದೆ. ಅಂದರೆ 36 ಕೆ.ಜಿ. ತೂಕ. ಇದನ್ನು ಹೊತ್ತು ಯಾರೂ ಮೊಣಕಾಲುದ್ದ ಕೆಸರಿನಲ್ಲಿ ನಡೆಯಲಾರರು. ಹಾಗಾಗಿ ಸಿದ್ಧತೆಯನ್ನು ಎರಡು ಪಾಲು ಮಾಡಿ. ಒಂದು, ಹೆಗಲಿಗೆ ಹಾಕಿಕೊಂಡು ಹೊರಡುವ ಚೀಲ. ಇನ್ನೊಂದು, ರಸ್ತೆ ಕಡಿದು ಮನೆಯಲ್ಲೇ ಉಳಿಯಬೇಕಾದಾಗ ಉಪಯೋಗಕ್ಕೆ ಬರುವ ದಾಸ್ತಾನು. ಎರಡನ್ನೂ ಬೆರೆಸಬೇಡಿ.

ಹೊರಡುವ ಚೀಲಕ್ಕೆ ಶಾಲೆಯ ಮಕ್ಕಳು ಹಾಕಿಕೊಳ್ಳುವಂಥ, ಎರಡೂ ಹೆಗಲಿಗೆ ಪಟ್ಟಿಯಿರುವ ಬ್ಯಾಗು ಸಾಕು. ಹಳೆಯದಾದರೂ ಜಿಪ್ಪು ಗಟ್ಟಿಯಿರಬೇಕು. ಕೈಚೀಲ, ಸೂಟ್‌ಕೇಸು, ಟ್ರಂಕುಗಳು ಬೇಡವೇ ಬೇಡ, ಏಕೆಂದರೆ ಒಂದು ಕೈಯಲ್ಲಿ ಮಗುವನ್ನೋ ಕೋಲನ್ನೋ ಹಿಡಿಯಬೇಕಾಗುತ್ತದೆ. ಬ್ಯಾಗಿನ ಒಳಗೆ ಗೊಬ್ಬರದ ಚೀಲದ ಒಳಪದರದಂಥ ದಪ್ಪ ಪ್ಲಾಸ್ಟಿಕ್ ಚೀಲವನ್ನು ಮೊದಲು ಹಾಸಿ (ಗೊಬ್ಬರ, ಔಷಧಿ ತುಂಬಿದ್ದ ಚೀಲ ಬೇಡ, ಹೊಸದೇ ಇರಲಿ), ಅದರೊಳಗೆ ಸಾಮಾನು ಹಾಕಿ ಬಾಯಿ ತಿರುಚಿ ಕಟ್ಟಿದರೆ ಜಡಿಮಳೆಯಲ್ಲೂ ಒಳಗೆ ಒಣಗಿರುತ್ತದೆ. ದೊಡ್ಡವರ ಒಂದು ಚೀಲದ ತೂಕ ಎಂಟು ಕೆ.ಜಿ. ದಾಟದಂತೆ ನೋಡಿಕೊಳ್ಳಿ. ಅಂಗಡಿಯ ತಕ್ಕಡಿಯಲ್ಲಿ ನಿಜವಾಗಿಯೂ ತೂಗಿ ನೋಡಿ. ಅಂದಾಜು ಪ್ರತಿಸಲವೂ ತಪ್ಪುತ್ತದೆ. ಹತ್ತು ವರ್ಷ ದಾಟಿದ ಮಕ್ಕಳಿಗೆ ಅವರದೇ ಪುಟ್ಟ ಚೀಲ ಕೊಡಬಹುದು. ಅದರಲ್ಲಿ ಅವರ ಒಂದು ಜೊತೆ ಬಟ್ಟೆ, ಒಂದು ನೀರಿನ ಬಾಟಲಿ, ಒಂದಿಷ್ಟು ತಿಂಡಿ, ಮನೆಯವರ ಹೆಸರು ಮತ್ತು ಫೋನ್ ಸಂಖ್ಯೆ ಬರೆದ ಚೀಟಿ ಇದ್ದರೆ ಸಾಕು. ಆ ಚೀಟಿ ಬಹಳ ಮುಖ್ಯವಾದದ್ದು, ಏಕೆಂದರೆ ಗದ್ದಲದಲ್ಲಿ ಮಕ್ಕಳು ಬೇರೆ ದೋಣಿಗೆ ಅಥವಾ ಬೇರೆ ಲಾರಿಗೆ ಹತ್ತಿಬಿಡುವುದುಂಟು.

ಚೀಲದಲ್ಲಿ ನೀರು ಒಬ್ಬರಿಗೆ ಒಂದು ಲೀಟರಿನ ಒಂದು ಬಾಟಲಿಯಷ್ಟೇ ಇರಲಿ. ಉಳಿದದ್ದಕ್ಕೆ ನೀರನ್ನು ಶುದ್ಧ ಮಾಡುವ ಸಾಧನ ಒಯ್ಯಿರಿ. ಆರೋಗ್ಯ ಇಲಾಖೆಯವರು ಹಂಚುವ ಅಥವಾ ಔಷಧಿ ಅಂಗಡಿಯಲ್ಲಿ ಸಿಗುವ ಕ್ಲೋರಿನ್ ಮಾತ್ರೆಯ ಒಂದು ಪಟ್ಟಿ ಸಾಕು. ಒಂದು ಮಾತ್ರೆ ಎಷ್ಟು ಲೀಟರಿಗೆ ಎನ್ನುವುದು ಮಾತ್ರೆಯ ಗಾತ್ರದ ಮೇಲೆ ಬದಲಾಗುವುದರಿಂದ ಪಟ್ಟಿಯ ಮೇಲಿನದನ್ನು ಓದಿ, ಮಸಿಪೆನ್ನಿನಿಂದ ದೊಡ್ಡ ಅಕ್ಷರದಲ್ಲಿ ಬರೆದಿಡಿ. ಕದಡಿದ ನೀರನ್ನು ನಾಲ್ಕು ಮಡಿಕೆ ಮಾಡಿದ ಹಳೆಯ ಪಂಚೆಯಲ್ಲಿ ಸೋಸಿದ ನಂತರವೇ ಮಾತ್ರೆ ಹಾಕಿ ಅರ್ಧ ಗಂಟೆ ಬಿಡಬೇಕು. ಕೆಸರು ಇದ್ದರೆ ಕ್ಲೋರಿನ್ ತನ್ನ ಕೆಲಸ ಮಾಡುವುದಿಲ್ಲ. ಒಲೆ ಸಿಕ್ಕಿದಲ್ಲಿ ಕುದಿಸುವುದೇ ಉತ್ತಮ. ಮರಳತೊಡಗಿದ ಮೇಲೆ ಒಂದು ನಿಮಿಷ ಕುದಿಸಿದರೆ ಸಾಕು. ನೆರೆಯಲ್ಲಿ ಮುಳುಗಿದ ಬಾವಿಯ ನೀರನ್ನು, ಎಷ್ಟೇ ತಿಳಿಯಾಗಿ ಕಂಡರೂ, ಹಾಗೆಯೇ ಕುಡಿಯಬೇಡಿ.

ಮೂರನೆಯ ಹೆಜ್ಜೆ: ಕಾಗದಪತ್ರ

ನೆರೆಯಿಂದ ಜೀವ ಉಳಿಸಿಕೊಂಡು ಬಂದವರು ಮುಂದಿನ ಎರಡು ವರ್ಷ ಅಲೆಯುವುದು ಕಾಗದಕ್ಕಾಗಿ. 2019ರ ನೆರೆಯ ನಂತರ ರಾಜ್ಯ ಸರ್ಕಾರವು ಸಂತ್ರಸ್ತ ಕುಟುಂಬಕ್ಕೆ ತುರ್ತಾಗಿ 10,000 ರೂಪಾಯಿ, ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ ಪರಿಹಾರ ಘೋಷಿಸಿತ್ತು. ಆ ಹಣ ಪಡೆಯಲು ಮನೆ ನಿಮ್ಮದೆಂದೂ, ನೀವು ಅಲ್ಲೇ ವಾಸವಿದ್ದಿರೆಂದೂ ತೋರಿಸಬೇಕು. ನಮ್ಮ ಅತ್ತೆಯವರಿಗೆ ಮನೆ ಕಳೆದುಕೊಂಡ ದುಃಖಕ್ಕಿಂತ, ಆ ಮನೆ ತಮ್ಮದೆಂದು ಮತ್ತೆ ಮತ್ತೆ ಹೇಳಬೇಕಾದ ದುಃಖವೇ ಹೆಚ್ಚಾಗಿ ಕಾಡಿತು.

ಮೂಲ ಪತ್ರಗಳನ್ನು ಚೀಲದಲ್ಲಿ ಇಡಬೇಕೇ ಎನ್ನುವ ಪ್ರಶ್ನೆ ಇದೆ. ನನ್ನ ಅಭಿಪ್ರಾಯದಲ್ಲಿ, ಕ್ರಯಪತ್ರ, ವಿಭಾಗಪತ್ರಗಳಂಥ ಮೂಲಗಳನ್ನು ಮಳೆಗಾಲದ ನಾಲ್ಕು ತಿಂಗಳು ಬ್ಯಾಂಕಿನ ಲಾಕರಿನಲ್ಲೋ, ಎತ್ತರದ ಊರಿನಲ್ಲಿರುವ ನಂಬಿಕೆಯ ಬಂಧುಗಳ ಮನೆಯಲ್ಲೋ ಇಡುವುದು ಸರಿ. ಚೀಲದಲ್ಲಿ ಅವುಗಳ ಜೆರಾಕ್ಸ್ ಇರಲಿ. ಆಧಾರ್, ಪಡಿತರ ಚೀಟಿ, ಮತದಾರರ ಗುರುತಿನ ಚೀಟಿ, ಪಹಣಿ, ಮನೆಯ ಖಾತೆ ಅಥವಾ ಉತಾರ, ಈಚಿನ ವಿದ್ಯುತ್ ಬಿಲ್ಲು, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ, ಬೆಳೆ ವಿಮೆ ಮತ್ತು ವಾಹನ ವಿಮೆಯ ರಸೀದಿ, ಮಕ್ಕಳ ಅಂಕಪಟ್ಟಿ ಮತ್ತು ಜಾತಿ-ಆದಾಯ ಪ್ರಮಾಣಪತ್ರ, ಅಂಗವಿಕಲರ ಗುರುತಿನ ಚೀಟಿ, ಇವುಗಳ ಪ್ರತಿಗಳು ಬೇಕಾಗುತ್ತವೆ. ಎರಡೆರಡು ಪಾಸ್‌ಪೋರ್ಟ್ ಅಳತೆಯ ಫೋಟೋಗಳನ್ನೂ ಸೇರಿಸಿ.

ಕಟ್ಟುವ ಕ್ರಮಕ್ಕೂ ಒಂದು ರೀತಿಯಿದೆ. ಜಿಪ್ ಇರುವ ಪ್ಲಾಸ್ಟಿಕ್ ಪೌಚಿನಲ್ಲಿ ಕಾಗದಗಳನ್ನು ಹಾಕಿ, ಅಂಗೈಯಿಂದ ಒತ್ತಿ ಒಳಗಿನ ಗಾಳಿಯನ್ನು ಪೂರ್ತಿ ಹೊರದೂಡಿ, ಜಿಪ್ ಎಳೆದ ಮೇಲೆ ಅದರ ಬಾಯನ್ನು ಎರಡು ಸಲ ಮಡಚಿ ಅಗಲ ಅಂಟುಪಟ್ಟಿ ಸುತ್ತಿ. ಅದನ್ನು ಬೋರಲಾಗಿ ಇನ್ನೊಂದು ಪೌಚಿನೊಳಗೆ ಇಳಿಸಿ, ಅಂದರೆ ಒಳಗಿನ ಪೌಚಿನ ಬಾಯಿ ಹೊರಗಿನದರ ತಳಕ್ಕೆ ಬರಲಿ. ಮೊದಲು ಒಳಗೆ ಒಂದು ತುಂಡು ಪತ್ರಿಕೆಯ ಕಾಗದ ಮಾತ್ರ ಹಾಕಿ ಹೀಗೆ ಕಟ್ಟಿದ ಪೌಚನ್ನು ಬಕೆಟ್ಟಿನ ನೀರಿನಲ್ಲಿ ಹದಿನೈದು ನಿಮಿಷ ಮುಳುಗಿಸಿಟ್ಟು ಪರೀಕ್ಷಿಸಿ ನೋಡಿದ ಮೇಲೆಯೇ ನಿಮ್ಮ ಕಾಗದಗಳನ್ನು ಅದಕ್ಕೆ ಒಪ್ಪಿಸಿ. ಲ್ಯಾಮಿನೇಶನ್ ಮಾಡಿಸಿದರೆ ಸಾಕೆಂದು ಕೆಲವರು ಭಾವಿಸುತ್ತಾರೆ. ಅಂಚಿನಲ್ಲಿ ಒಂದು ಕೂದಲೆಳೆಯಷ್ಟು ಬಿಟ್ಟುಕೊಂಡಿದ್ದರೂ ನೀರು ಒಳನುಗ್ಗಿ ಒಳಗೇ ಉಳಿಯುತ್ತದೆ.

ಕಾಗದಪತ್ರಗಳನ್ನು ಫೋನಿನಲ್ಲೇ ಇಟ್ಟುಕೊಳ್ಳಲು ಸರ್ಕಾರ ಒದಗಿಸಿರುವ ಡಿಜಿಲಾಕರ್‌ನಲ್ಲಿ ಆಧಾರ್, ಚಾಲನಾ ಪರವಾನಗಿ, ವಾಹನದ ಆರ್.ಸಿ. ಮುಂತಾದವನ್ನು ಜೋಡಿಸಿಟ್ಟುಕೊಳ್ಳಿ. ಆದರೆ ಹೊಸ ಫೋನಿನಲ್ಲಿ ಅದನ್ನು ತೆರೆಯಲು ಒ.ಟಿ.ಪಿ. ಬೇಕು, ಒ.ಟಿ.ಪಿ.ಗೆ ಆಧಾರ್‌ಗೆ ಜೋಡಿಸಿದ ಸಿಮ್ ಬೇಕು. ಎಷ್ಟೋ ಮನೆಗಳಲ್ಲಿ ಹಿರಿಯರ ಆಧಾರ್‌ಗೆ ಜೋಡಣೆಯಾಗಿರುವುದು ಎಂದೋ ನಿಂತುಹೋದ ಸಂಖ್ಯೆ. ಬೇಸಿಗೆಯಲ್ಲೇ ಸೇವಾ ಕೇಂದ್ರಕ್ಕೆ ಹೋಗಿ ಅದನ್ನು ಸರಿಪಡಿಸಿಕೊಳ್ಳಿ. ಹಾಗೆಯೇ ಮಳೆ ಹಿಡಿಯುವ ಮೊದಲು ಮನೆಯ ಪ್ರತಿ ಗೋಡೆ, ಛಾವಣಿ, ಕೊಟ್ಟಿಗೆ, ಪಂಪ್‌ಸೆಟ್, ಫ್ರಿಜ್, ಹೊಲಿಗೆ ಯಂತ್ರ ಮುಂತಾದವುಗಳ ಫೋಟೋ ತೆಗೆದು, ಬೇರೆ ಊರಿನಲ್ಲಿರುವ ಮಗಳಿಗೋ ತಮ್ಮನಿಗೋ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿಡಿ. ನಂತರ ಹಾನಿಯ ಸಮೀಕ್ಷೆಗೆ ಬಂದವರಿಗೆ ಮೊದಲಿನ ಸ್ಥಿತಿ ತೋರಿಸಲು ತಾರೀಖಿನ ಸಮೇತ ಸಾಕ್ಷಿ ಉಳಿಯುತ್ತದೆ.

ನಾಲ್ಕನೆಯ ಹೆಜ್ಜೆ: ಔಷಧಿ

ಇಲ್ಲಿ ಮೊದಲ ಕೆಲಸ ಅಂಗಡಿಗೆ ಹೋಗುವುದಲ್ಲ, ಒಂದು ಕಾಗದದಲ್ಲಿ ಬರೆಯುವುದು. ಮನೆಯ ಪ್ರತಿಯೊಬ್ಬರ ಹೆಸರು, ವಯಸ್ಸು, ರಕ್ತದ ಗುಂಪು, ಇರುವ ಕಾಯಿಲೆ, ನಿತ್ಯ ತೆಗೆದುಕೊಳ್ಳುವ ಔಷಧಿಯ ಹೆಸರು ಮತ್ತು ಎಷ್ಟು ಮಿಲಿಗ್ರಾಂ, ಯಾವ ಹೊತ್ತಿಗೆ, ಯಾವ ಔಷಧಿ ಒಗ್ಗುವುದಿಲ್ಲ ಎಂಬುದನ್ನು ಬರೆಯಿರಿ. ಕಂಪನಿಯ ಹೆಸರಿನ ಜೊತೆಗೆ, ಪಟ್ಟಿಯ ಹಿಂಭಾಗದಲ್ಲಿ ಸಣ್ಣ ಅಕ್ಷರದಲ್ಲಿರುವ ಔಷಧಿಯ ಮೂಲ ಹೆಸರನ್ನೂ ಬರೆಯಬೇಕು, ಏಕೆಂದರೆ ಪರಿಹಾರ ಕೇಂದ್ರದಲ್ಲಿ ಅದೇ ಕಂಪನಿಯ ಮಾತ್ರೆ ಸಿಗಲಾರದು. ನಮ್ಮ ಅತ್ತೆಯವರ "ಬಿಳಿ ಗುಳಿಗೆ"ಯ ಹೆಸರು ಅಮ್ಲೋಡಿಪಿನ್ ಎಂದು ನಮಗೆ ತಿಳಿಯಲು ನಾಲ್ಕು ದಿನ ಬೇಕಾಯಿತು. ಆ ನಾಲ್ಕೂ ದಿನ ಅವರು ಮಾತ್ರೆಯಿಲ್ಲದೆ ಇದ್ದರು.

ನಿತ್ಯದ ಔಷಧಿ ಕನಿಷ್ಠ ಏಳು ದಿನಕ್ಕೆ ಆಗುವಷ್ಟು ಚೀಲದಲ್ಲಿರಲಿ. ಪ್ರತಿ ತಿಂಗಳು ಹೊಸ ಪಟ್ಟಿ ತಂದಾಗ ಅದನ್ನು ಚೀಲಕ್ಕೆ ಹಾಕಿ, ಚೀಲದಲ್ಲಿದ್ದದ್ದನ್ನು ಬಳಕೆಗೆ ತೆಗೆದುಕೊಂಡರೆ ಅವಧಿ ಮುಗಿಯುವ ಭಯವಿಲ್ಲ. ಮೂರ್ಛೆರೋಗದ ಮಾತ್ರೆ, ಉಬ್ಬಸದ ಇನ್‌ಹೇಲರ್, ಹೃದಯದ ಔಷಧಿಗಳನ್ನು ಒಂದು ದಿನವೂ ತಪ್ಪಿಸುವಂತಿಲ್ಲ. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಫ್ರಿಜ್ ಇಲ್ಲದ ದಿನಗಳ ಚಿಂತೆ ಇರುತ್ತದೆ. ಬಳಕೆಯಲ್ಲಿರುವ ಸೀಸೆಯನ್ನು ಸಾಮಾನ್ಯವಾಗಿ ನಾಲ್ಕು ವಾರದವರೆಗೆ ತಂಪಾದ ಕೋಣೆಯ ಉಷ್ಣತೆಯಲ್ಲಿ ಇಡಬಹುದು, ಆದರೆ ನಿಮ್ಮ ಬಗೆಯ ಇನ್ಸುಲಿನ್‌ಗೆ ಎಷ್ಟು ದಿನ ಎಂದು ವೈದ್ಯರನ್ನು ಈಗಲೇ ಕೇಳಿ ಬರೆದಿಡಿ. ಒದ್ದೆ ಬಟ್ಟೆ ಸುತ್ತಿದ ಸಣ್ಣ ಮಣ್ಣಿನ ಕುಡಿಕೆಯಲ್ಲಿ, ನೀರು ತಾಗದಂತೆ ಪ್ಲಾಸ್ಟಿಕ್ ಡಬ್ಬಿಯೊಳಗೆ ಇಟ್ಟರೆ ತಂಪು ಉಳಿಯುತ್ತದೆ; ಮಂಜುಗಡ್ಡೆಗೆ ನೇರವಾಗಿ ತಾಗಿಸಬಾರದು.

ಇದರ ಜೊತೆಗೆ ಪ್ಯಾರಸಿಟಮಾಲ್, ಪೊವಿಡೋನ್ ಅಯೋಡಿನ್ ಮುಲಾಮು, ಹತ್ತಿ, ಬ್ಯಾಂಡೇಜ್ ಬಟ್ಟೆ, ಸಣ್ಣ ಕತ್ತರಿ, ಸೊಳ್ಳೆಯ ಮುಲಾಮು ಮತ್ತು ಒ.ಆರ್.ಎಸ್. ಪೊಟ್ಟಣಗಳಿರಲಿ. ಒ.ಆರ್.ಎಸ್. ಪೊಟ್ಟಣ ಒಂದು ಲೀಟರಿಗೋ 200 ಮಿ.ಲೀ.ಗೋ ಎಂದು ನೋಡಿಯೇ ತನ್ನಿ. ಎರಡೂ ಬಗೆ ಮಾರಾಟದಲ್ಲಿವೆ, ತಪ್ಪು ಅಳತೆಯಲ್ಲಿ ಕಲಸಿದರೆ ಮಕ್ಕಳಿಗೆ ಅಪಾಯ. ಪೊಟ್ಟಣ ಮುಗಿದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಮಟ್ಟಸ ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿ ಕುಡಿಸಬಹುದು. ನೆರೆಯ ನೀರಿನಲ್ಲಿ ಬರಿಗಾಲಲ್ಲಿ ಓಡಾಡಿದವರಿಗೆ ಇಲಿ ಜ್ವರ ತಗಲುವ ಸಾಧ್ಯತೆ ಇರುವುದರಿಂದ, ಕಾಲಿನ ಗಾಯ ಮುಚ್ಚಿಕೊಳ್ಳಿ, ಮುಚ್ಚಿದ ಪಾದರಕ್ಷೆ ಹಾಕಿಕೊಳ್ಳಿ, ನಂತರದ ವಾರಗಳಲ್ಲಿ ಜ್ವರ ಮತ್ತು ಮೀನಖಂಡದ ನೋವು ಕಾಣಿಸಿದರೆ ನೆರೆಯ ನೀರಿನಲ್ಲಿ ನಡೆದದ್ದನ್ನು ವೈದ್ಯರಿಗೆ ತಪ್ಪದೆ ಹೇಳಿ. ಆ್ಯಂಟಿಬಯಾಟಿಕ್‌ಗಳನ್ನು ತಾವಾಗಿಯೇ ನುಂಗಬಾರದು. ಹಾವುಗಳೂ ನೀರಿನಿಂದ ತಪ್ಪಿಸಿಕೊಂಡು ಮನೆಯ ಎತ್ತರದ ಜಾಗಗಳನ್ನೇ ಸೇರುತ್ತವೆ. ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಯಾವುದನ್ನೂ ಮಾಡದೆ, ಕಚ್ಚಿದ ಅಂಗವನ್ನು ಅಲ್ಲಾಡಿಸದೆ ಆಸ್ಪತ್ರೆಗೆ ಒಯ್ಯಬೇಕು.

ಐದನೆಯ ಹೆಜ್ಜೆ: ಬೇಯಿಸದೆ ತಿನ್ನುವ ಆಹಾರ

ಈ ವಿಷಯದಲ್ಲಿ ಹೊಸದಾಗಿ ಕಲಿಯಬೇಕಾದದ್ದು ಹೆಚ್ಚೇನೂ ಇಲ್ಲ. ಮಲೆನಾಡಿನವರು ಮೇ ತಿಂಗಳಲ್ಲೇ ಮಳೆಗಾಲದ ದಿನಸಿ, ಸೌದೆ, ಹಪ್ಪಳ, ಸಂಡಿಗೆ ಕೂಡಿಡುತ್ತಿದ್ದರು. ಉತ್ತರ ಕರ್ನಾಟಕದಲ್ಲಿ ಖಡಕ್ ರೊಟ್ಟಿಯ ಥಪ್ಪಿ ವಾರಗಟ್ಟಲೆ ಕೆಡದೆ ಇರುತ್ತದೆ. ಚೀಲಕ್ಕೆ ಇವುಗಳಲ್ಲಿ ಹಗುರವಾದದ್ದನ್ನು ಆರಿಸಿದರಾಯಿತು. ತೆಳು ಅವಲಕ್ಕಿ, ಪುಠಾಣಿ, ಬೆಲ್ಲದ ಅಚ್ಚು, ಶೇಂಗಾ ಉಂಡೆ, ಖರ್ಜೂರ, ಬಿಸ್ಕತ್ತು ಸಾಕು. ನಮ್ಮ ಅನುಭವದಲ್ಲಿ ಎಲ್ಲಕ್ಕಿಂತ ಉಪಯುಕ್ತವಾದದ್ದು ಹುರಿಹಿಟ್ಟು. ರಾಗಿಯನ್ನು ಅರಳಿಸಿ ಮಾಡಿದ ಹಿಟ್ಟಿಗೆ ಬೆಲ್ಲದ ಪುಡಿ ಸೇರಿಸಿ ಡಬ್ಬಿಯಲ್ಲಿ ಗಟ್ಟಿಯಾಗಿ ಮುಚ್ಚಿಟ್ಟರೆ, ನೀರಿನಲ್ಲಿ ಕಲಸಿ ಹಲ್ಲಿಲ್ಲದ ಹಿರಿಯರಿಗೂ ಎರಡು ವರ್ಷದ ಮಗುವಿಗೂ ಕೊಡಬಹುದು. ಖಡಕ್ ರೊಟ್ಟಿ ಚೀಲದಲ್ಲಿ ಪುಡಿಯಾಗುತ್ತದೆ, ಅದು ಮನೆಯ ದಾಸ್ತಾನಿಗೆ ಇರಲಿ, ಜೊತೆಗೆ ಶೇಂಗಾ ಚಟ್ನಿಯ ಡಬ್ಬಿಯೂ ಇರಲಿ. ಉಪ್ಪು-ಖಾರ ಹೆಚ್ಚಾದ ತಿಂಡಿ ಬಾಯಾರಿಕೆ ಹೆಚ್ಚಿಸುವುದರಿಂದ ಚಕ್ಕುಲಿ, ಖಾರದ ಮಿಕ್ಶ್ಚರ್ ಬೇಡ.

ಹಾಲೂಡುವ ತಾಯಂದಿರು ಹಾಲೂಡುವುದನ್ನು ನಿಲ್ಲಿಸಬಾರದು. ನೆರೆಯ ದಿನಗಳಲ್ಲಿ ಅದಕ್ಕಿಂತ ಶುದ್ಧ ಆಹಾರ ಮಗುವಿಗೆ ಬೇರೆಲ್ಲೂ ಸಿಗದು. ಮೇಲಿನ ಹಾಲು ಕುಡಿಯುವ ಮಗುವಿದ್ದರೆ ಬಾಟಲಿಯ ಬದಲು ಒಳಲೆ ಅಥವಾ ಸಣ್ಣ ಸ್ಟೀಲ್ ಲೋಟ-ಚಮಚ ಇಟ್ಟುಕೊಳ್ಳಿ, ಅವನ್ನು ಕುದಿಯುವ ನೀರಿನಲ್ಲಿ ತೊಳೆಯುವುದು ಸುಲಭ.

ಆರನೆಯ ಹೆಜ್ಜೆ: ಬೆಳಕು, ಫೋನು, ಚಿಲ್ಲರೆ ಸಾಮಾನು

ಟಾರ್ಚಿನ ಸೆಲ್ಲುಗಳನ್ನು ಅದರೊಳಗೇ ಬಿಟ್ಟಿಡಬೇಡಿ. ಒಂದು ವರ್ಷದ ನಂತರ ಮುಚ್ಚಳ ತಿರುಗಿಸಿದಾಗ ಸ್ಪ್ರಿಂಗಿನ ಮೇಲೆ ಬಿಳಿ-ಹಸಿರು ಪುಡಿ ಕಟ್ಟಿಕೊಂಡು ಟಾರ್ಚು ಸತ್ತಿರುವುದನ್ನು ನಾನೇ ಕಂಡಿದ್ದೇನೆ. ಸೆಲ್ಲುಗಳನ್ನು ಬೇರೆ ಪೊಟ್ಟಣದಲ್ಲಿ ಸುತ್ತಿ ಟಾರ್ಚಿಗೆ ರಬ್ಬರ್ ಬ್ಯಾಂಡಿನಿಂದ ಕಟ್ಟಿಡಿ, ಕತ್ತಲಲ್ಲೇ ಸೆಲ್ಲು ಹಾಕುವುದನ್ನು ಒಮ್ಮೆ ಅಭ್ಯಾಸ ಮಾಡಿ. ಒಂದು ಪವರ್ ಬ್ಯಾಂಕ್, ಚಾರ್ಜರ್ ತಂತಿ, ಸಾಧ್ಯವಿದ್ದರೆ ಹಳೆಯ ಕೀಪ್ಯಾಡ್ ಫೋನ್ ಇರಲಿ. ಅದರ ಬ್ಯಾಟರಿ ದಿನಗಟ್ಟಲೆ ಬರುತ್ತದೆ. ಮೊಬೈಲ್ ಗೋಪುರಗಳು ಸ್ತಬ್ಧವಾದಾಗ ಉಳಿಯುವುದು ಆಕಾಶವಾಣಿ, ಆದ್ದರಿಂದ ಸೆಲ್ಲಿನಲ್ಲಿ ನಡೆಯುವ ಪುಟ್ಟ ರೇಡಿಯೋ ಇಟ್ಟುಕೊಂಡು, ನಿಮ್ಮ ಭಾಗದ ಕೇಂದ್ರದ ತರಂಗಾಂತರವನ್ನು ಅದರ ಬೆನ್ನಿಗೆ ಬರೆದು ಅಂಟಿಸಿ. ಗಟ್ಟಿ ಶಬ್ದದ ಒಂದು ಸೀಟಿ, ಹತ್ತು ಮೀಟರ್ ನೈಲಾನ್ ಹಗ್ಗ, ಮಡಚಿದ ಟಾರ್ಪಾಲು, ಚಾಕು, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಬೆಂಕಿಪೊಟ್ಟಣ, ಸೋಪು, ಒಂದು ಜೊತೆ ಒಣ ಬಟ್ಟೆ, ತೆಳು ಹೊದಿಕೆ ಇವು ಸೇರಲಿ. ಕೂಗಿ ಕೂಗಿ ದನಿ ಸೋತವರನ್ನು ಸೀಟಿಯ ಶಬ್ದ ಕಾಪಾಡುತ್ತದೆ. ಅದನ್ನು ಚೀಲದೊಳಗೆ ಹಾಕದೆ ಹೊರಗಿನ ಪಟ್ಟಿಗೇ ಕಟ್ಟಬೇಕು. ಹಣ ನೂರು, ಐವತ್ತರ ನೋಟುಗಳಲ್ಲಿರಲಿ, ಏಕೆಂದರೆ ಕರೆಂಟಿಲ್ಲದ ಊರಿನಲ್ಲಿ ಎ.ಟಿ.ಎಂ. ಆಗಲಿ ಯು.ಪಿ.ಐ. ಆಗಲಿ ನಡೆಯದು, ಐನೂರಕ್ಕೆ ಚಿಲ್ಲರೆಯೂ ಸಿಗದು.

ಮನೆಯ ಹೆಣ್ಣುಮಕ್ಕಳ ಮುಟ್ಟಿನ ಸಾಮಗ್ರಿಯನ್ನು ಹೆಚ್ಚಿನ ಪಟ್ಟಿಗಳು ಮರೆಯುತ್ತವೆ. ಪ್ಯಾಡು, ಒಳ ಉಡುಪು, ಸುತ್ತಿ ಬಿಸಾಡಲು ಹಳೆ ಪತ್ರಿಕೆ ಮತ್ತು ಮರೆಗೆ ಕಟ್ಟಲು ಒಂದು ಕಡುಬಣ್ಣದ ಸೀರೆ ಚೀಲದಲ್ಲಿರಬೇಕು. ನೂರಾರು ಜನ ಒಂದೇ ಶಾಲೆಯ ಹಜಾರದಲ್ಲಿ ಮಲಗುವಾಗ ಆ ಸೀರೆಯೇ ಗೋಡೆಯಾಗುತ್ತದೆ. ಹಿರಿಯರಿಗೆ ಹೆಚ್ಚಿನ ಕನ್ನಡಕ, ಶ್ರವಣ ಸಾಧನದ ಸೆಲ್ಲು, ಊರುಗೋಲು ಮರೆಯಬಾರದು. ಹಳೆಯ ಕನ್ನಡಕವನ್ನು ಬಿಸಾಡದೆ ಚೀಲಕ್ಕೆ ಹಾಕಿಟ್ಟರೆ ಸಾಕು.

ಫೋನ್ ಸಂಖ್ಯೆಗಳನ್ನು ಕಾಗದದಲ್ಲಿ ಬರೆಯಿರಿ. ಎಲ್ಲ ತುರ್ತಿಗೂ 112, ಆಂಬುಲೆನ್ಸ್‌ಗೆ 108, ಜಿಲ್ಲಾ ವಿಪತ್ತು ನಿಯಂತ್ರಣ ಕೊಠಡಿಗೆ 1077, ರಾಜ್ಯದ್ದಕ್ಕೆ 1070, ವಿದ್ಯುತ್ ತಂತಿ ಬಿದ್ದರೆ 1912. ಇವುಗಳ ಕೆಳಗೆ ಗ್ರಾಮ ಆಡಳಿತ ಅಧಿಕಾರಿ, ಆಶಾ ಕಾರ್ಯಕರ್ತೆ, ದೂರದ ಊರಿನ ಒಬ್ಬ ಬಂಧುವಿನ ಸಂಖ್ಯೆ ಇರಲಿ. ಚದುರಿದ ಮನೆಯವರೆಲ್ಲ ಆ ದೂರದ ಬಂಧುವಿಗೇ ಸುದ್ದಿ ಮುಟ್ಟಿಸಬೇಕೆಂದು ಮೊದಲೇ ಮಾತಾಗಿರಬೇಕು.

ಏಳನೆಯ ಹೆಜ್ಜೆ: ದನಕರು

ರೈತರ ಮನೆಯಲ್ಲಿ ದನಗಳನ್ನು ಬಿಟ್ಟು ಹೊರಡಲಾರದೆ ಜೀವ ಕಳೆದುಕೊಂಡವರಿದ್ದಾರೆ. ಆದ್ದರಿಂದ ಅವುಗಳ ಸಿದ್ಧತೆಯೂ ಮನೆಯವರ ಸಿದ್ಧತೆಯ ಭಾಗವೇ. ಮುಂಗಾರಿಗೆ ಮುನ್ನ ಗಳಲೆ ರೋಗ, ಚಪ್ಪೆ ರೋಗ, ಕಾಲುಬಾಯಿ ಬೇನೆಗಳ ಲಸಿಕೆ ಹಾಕಿಸಿ, ಕಿವಿಯೋಲೆಯ 12 ಅಂಕಿಗಳನ್ನು ಚೀಲದ ಕಾಗದದಲ್ಲಿ ಬರೆದು ಪ್ರತಿಯೊಂದರ ಫೋಟೋ ಇಟ್ಟುಕೊಳ್ಳಿ. ಯಾವ ದಿಬ್ಬಕ್ಕೆ ಹೊಡೆದುಕೊಂಡು ಹೋಗುವುದೆಂದು ನೆರೆಹೊರೆಯವರೊಡನೆ ಮೊದಲೇ ನಿರ್ಧರಿಸಿ, ಸಾಧ್ಯವಾದರೆ ಅಲ್ಲೇ ಒಂದು ಬಣವೆ ಹಾಕಿ. ಅದಕ್ಕೂ ಸಮಯವಿಲ್ಲದಿದ್ದರೆ ಕಣ್ಣಿ ಬಿಚ್ಚಿ, ಕೊಟ್ಟಿಗೆಯ ಬಾಗಿಲು ತೆರೆದು ಹೊರಡಿ. ಗೂಟಕ್ಕೆ ಕಟ್ಟಿದ ದನ ಈಜಲಾರದು. ಕಣ್ಣಿ ಬಿಚ್ಚಿಬಿಟ್ಟ ದನ ಹೆಚ್ಚಿನ ಸಲ ತಾನೇ ದಡ ಹುಡುಕುತ್ತದೆ. ಹಗ್ಗ ಬಿಗಿದುಕೊಂಡರೆ ಕತ್ತರಿಸಲು ಒಂದು ಕುಡುಗೋಲನ್ನು ಕೊಟ್ಟಿಗೆಯ ಎತ್ತರದ ಮೊಳೆಗೆ ಸಿಕ್ಕಿಸಿಡಿ.

ಎಂಟನೆಯ ಹೆಜ್ಜೆ: ತೂಗುಹಾಕುವ ಜಾಗ ಮತ್ತು ಕತ್ತಲ ಅಭ್ಯಾಸ

ಚೀಲವನ್ನು ಅಟ್ಟದ ಮೇಲೆ ಇಡಬೇಡಿ, ಮಂಚದ ಕೆಳಗೂ ಬೇಡ. ತಲೆಬಾಗಿಲಿನ ಒಳಬದಿಯಲ್ಲಿ, ಹೆಗಲೆತ್ತರದ ಗೂಟಕ್ಕೆ ತೂಗುಹಾಕಿ. ಪಕ್ಕದಲ್ಲೇ ಮುಚ್ಚಿದ ಪಾದರಕ್ಷೆ ಮತ್ತು ಕೊಡೆಗಿಂತ ಉಪಯುಕ್ತವಾದ ರೇನ್‌ಕೋಟು ಅಥವಾ ಕಂಬಳಿಕೊಪ್ಪೆ ಇರಲಿ. ನಂತರ ಒಂದು ರಾತ್ರಿ ಊಟವಾದ ಮೇಲೆ ಮೇನ್ ಸ್ವಿಚ್ ಆರಿಸಿ, ಮನೆಯವರಿಗೆಲ್ಲ ಹೊರಡುವಂತೆ ಹೇಳಿ ಗಡಿಯಾರ ನೋಡಿ. ನಮ್ಮ ಮನೆಯ ಮೊದಲ ಅಭ್ಯಾಸಕ್ಕೆ ಇಪ್ಪತ್ತಾರು ನಿಮಿಷ ಹಿಡಿಯಿತು. ಅತ್ತೆಯವರ ಚಪ್ಪಲಿ, ಮಗುವಿನ ಕನ್ನಡಕ, ಬೀಗದ ಕೈ ಇವುಗಳ ಹುಡುಕಾಟದಲ್ಲೇ ಅರ್ಧ ಸಮಯ ಹೋಯಿತು. ಮೂರನೆಯ ಸಲಕ್ಕೆ ಒಂಬತ್ತು ನಿಮಿಷಕ್ಕೆ ಇಳಿಯಿತು. ಯಾರು ಯಾರನ್ನು ಹಿಡಿದುಕೊಳ್ಳಬೇಕು, ಯಾರು ಗ್ಯಾಸಿನ ರೆಗ್ಯುಲೇಟರ್ ಮುಚ್ಚಬೇಕು, ಯಾರು ಮೇನ್ ಸ್ವಿಚ್ ಆರಿಸಬೇಕು ಎನ್ನುವುದು ಈ ಅಭ್ಯಾಸದಲ್ಲಿ ತಾನಾಗಿಯೇ ನಿಶ್ಚಯವಾಗುತ್ತದೆ. ನೆಲದಲ್ಲಿ ನೀರು ನಿಂತಿದ್ದರೆ ಸ್ವಿಚ್ಚನ್ನು ಮುಟ್ಟದೆ ಹೊರಬರಬೇಕು ಎಂಬುದನ್ನೂ ಆಗಲೇ ಹೇಳಿಕೊಡಿ.

ದಾರಿಯನ್ನೂ ಹಗಲಿನಲ್ಲಿ ನಡೆದು ನೋಡಿ. ಹಳ್ಳ ದಾಟುವ ದಾರಿ ಹತ್ತಿರವಾದರೂ ಅದು ದಾರಿಯಲ್ಲ. ರಭಸವಾಗಿ ಹರಿಯುವ ನೀರು ಗೇಣುದ್ದಕ್ಕಿಂತ ಕಡಿಮೆ, 15 ಸೆಂ.ಮೀ. ಇದ್ದರೂ ದೊಡ್ಡವರನ್ನು ಕೆಡವಬಲ್ಲದು, 30 ಸೆಂ.ಮೀ. ಇದ್ದರೆ ಸಣ್ಣ ಕಾರು ತೇಲತೊಡಗುತ್ತದೆ, 60 ಸೆಂ.ಮೀ. ಆದರೆ ಹೆಚ್ಚಿನ ವಾಹನಗಳನ್ನೆಲ್ಲ ಕೊಚ್ಚಿಕೊಂಡು ಹೋಗುತ್ತದೆ. ಸೇತುವೆಯ ಮೇಲೆ ನೀರು ಹರಿಯುತ್ತಿದ್ದರೆ ಬೈಕಿನಲ್ಲಿ ದಾಟುವ ಸಾಹಸ ಬೇಡ. ಹೊರಡುವಾಗ ಬಾಗಿಲ ಮೇಲೆ ಸೀಮೆಸುಣ್ಣದಿಂದ ಎಷ್ಟು ಜನ ಹೊರಟಿರಿ, ಎಲ್ಲಿಗೆ ಹೋದಿರಿ ಎಂದು ದೊಡ್ಡದಾಗಿ ಬರೆಯಿರಿ. ಖಾಲಿ ಮನೆಯಲ್ಲಿ ನಿಮ್ಮನ್ನು ಹುಡುಕುತ್ತ ರಕ್ಷಣಾ ಸಿಬ್ಬಂದಿ ಕಳೆಯುವ ಸಮಯ ಪಕ್ಕದ ಮನೆಯವರಿಗೆ ಸಿಗುತ್ತದೆ.

ಮೊದಲ ಸಲ ಚೀಲ ಕಟ್ಟಲು ಬಸವ ಜಯಂತಿಯ ರಜೆ ಒಳ್ಳೆಯ ದಿನ. ಮೃಗಶಿರಾ ಮಳೆಗೆ ಆಗ ಇನ್ನೂ ಕೆಲವು ವಾರ ಬಾಕಿಯಿರುತ್ತದೆ, ಬಿಟ್ಟುಹೋದದ್ದನ್ನು ಸಂತೆಯಿಂದ ತರಲು ಅವಕಾಶವಿರುತ್ತದೆ. ನೆರೆ ಇಳಿದು ಮನೆಗೆ ಮರಳಿದ ಮೇಲೆ ಕೆಸರು ಬಳಿದು ತೆಗೆಯುವ, ಗೋಡೆ ತೊಳೆಯುವ ಕೆಲಸಗಳ ನಡುವೆ ಖಾಲಿಯಾದ ಚೀಲ ಮೂಲೆ ಸೇರುವುದು ಸಹಜ. 2019ರಲ್ಲಿ ಆಗಸ್ಟ್‌ನ ನೆರೆಯಿಂದ ಚೇತರಿಸಿಕೊಳ್ಳುತ್ತಿದ್ದ ಮಲಪ್ರಭೆ, ಘಟಪ್ರಭೆಗಳ ದಡದ ಊರುಗಳಿಗೆ ಅಕ್ಟೋಬರಿನಲ್ಲಿ ಮತ್ತೆ ನೀರು ಬಂತು; ಮರುವರ್ಷ ಭೀಮಾ ನದಿ ಉಕ್ಕಿ ಕಲಬುರಗಿ, ಯಾದಗಿರಿ, ವಿಜಯಪುರದ ಹಳ್ಳಿಗಳನ್ನು ಮುಳುಗಿಸಿದ್ದೂ ಅಕ್ಟೋಬರಿನಲ್ಲೇ. ಆದ್ದರಿಂದ ಮನೆಗೆ ಬಂದ ಮೊದಲ ಬಿಸಿಲಿನ ದಿನವೇ ಚೀಲವನ್ನು ತೊಳೆದು ಒಣಗಿಸಿ, ಬಳಸಿದ ಮಾತ್ರೆ, ಸೆಲ್ಲು, ಹುರಿಹಿಟ್ಟುಗಳನ್ನು ಮತ್ತೆ ತುಂಬಿ, ಅದೇ ಗೂಟಕ್ಕೆ ತೂಗುಹಾಕಿ.